ಈಜು ಬರದ 18 ಜನ, ಕೋಡಿ ಬೆಂಗ್ರೆ, ಕಯಾಕ್: ನನ್ನ ಅನುಭವ

"ಈಜೋಕೆ ಬರದೋರನ್ನ ಕಟ್ಕೊಂಡು ಅಳಿವೆ ಹತ್ರ ಕಯಾಕಿಂಗಾ? ಸುಮ್ನೆ ರೆಸಾರ್ಟಲ್ಲಿ ಡಿಜೆ ಹಾಕ್ಸಿ ಮುಗ್ಸಪ್ಪ" ಅಂತ ನಮ್ಮ ಸಾಫ್ಟ್‌ವೇರ್ ಆಫೀಸ್ ಟೀಮಲ್ಲಿ ಅರ್ಧ ಜನ ನಕ್ಕಿದ್ರು. ಈಗ ಅವ್ರೇ ಮುಂದಿನ ಟ್ರಿಪ್ ಯಾವಾಗ ಅಂತ ತಲೆ ತಿಂತಿದಾರೆ, ಅದಕ್ಕೇ ಬರೀತಿದೀನಿ. ಕೋಡಿ ಬೆಂಗ್ರೆ ಅಂದ್ರೆ ಉಡುಪಿ ಹತ್ರ ಹೊಳೆ ಕಡಲು ಸೇರೋ ಜಾಗ, ಆ ಬಾಯಿಗೇ ಅಳಿವೆ ಅನ್ನೋದು. ಕಯಾಕ್ ಅಂದ್ರೆ ಹುಟ್ಟು ಹಾಕೋ ಸಣ್ಣ ದೋಣಿ.

ಮೊದಲ ಸಲ ಡೇಟ್ ಫಿಕ್ಸ್ ಮಾಡಿದ್ದು ಎಚ್‌ಆರ್, ತಿಂಗಳ ಕೊನೆ ಶನಿವಾರ ಅಂತ. ತಿಂಡಿ, ಗ್ರೂಪ್ ಫೋಟೋ ಎಲ್ಲಾ ಮುಗ್ಸಿ ನೀರಿಗಿಳಿಯೋಷ್ಟ್ರಲ್ಲಿ ಹತ್ತೂ ಮುಕ್ಕಾಲು. ದಡದಲ್ಲಿ ಬಲೆ ಬಿಡಿಸ್ತಿದ್ದ ಒಬ್ರು ಹೇಳಿದ್ರು, "ಈಗ್ ಹೊರ್ಟ್ರೆ ನೀರ್ ನಿಮ್ಮನ್ನ್ ಅಳ್ವಿಗ್ ಎಳ್ಕಂಡ್ ಹೋತ್ತ್ ಮಾರಾಯ್ರೆ." ಕೇಳ್ಲಿಲ್ಲ. ಸೀತಾ, ಸುವರ್ಣಾ ಎರಡೂ ಹೊಳೆ ನೀರು ಇಳಿತದಲ್ಲಿ ಆ ಒಂದೇ ಬಾಯಲ್ಲಿ ಕಡಲಿಗೆ ನುಗ್ಗತ್ತೆ, ಎದುರಿಂದ ಮಧ್ಯಾಹ್ನದ ಕಡಲಗಾಳಿ ಬೇರೆ ಶುರುವಾಗಿತ್ತು. ಎರಡು ಕಯಾಕ್ ಮರಳಿಗೆ ಸಿಕ್ಕಾಕ್ಕೊಂಡ್ವು, ಒಂದು ಅಳಿವೆ ಕಡೆ ತೇಲ್ಕೊಂಡು ಹೋಯ್ತು, ಗೈಡ್ ಇಂಜಿನ್ ಬೋಟಲ್ಲಿ ಹೋಗಿ ಹಗ್ಗ ಹಾಕಿ ಎಳ್ಕೊಂಡು ಬಂದ್ರು. ಡೀಸೆಲ್ ಖರ್ಚು ಸುಮಾರು ಸಾವಿರದೈನೂರು, ಒಂದು ಫೋನು, ಎರಡು ಕನ್ನಡಕ ನೀರುಪಾಲು. ಎರಡನೇ ಸಲ ಹಿಂದಿನ ದಿನ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಅಂತ ಕ್ಯಾನ್ಸಲ್, ಎಂಟು ಸಾವಿರ ಅಡ್ವಾನ್ಸ್ ಹೋಯ್ತು, ಅದ್ರಲ್ಲಿ ಮೂರು ನನ್ನ ಜೇಬಿಂದ. ಹೆಂಡ್ತಿಗೆ ಇನ್ನೂ ಹೇಳಿಲ್ಲ.

ಮೂರನೇ ಸಲ ಎಚ್‌ಆರ್ ಕ್ಯಾಲೆಂಡರ್ ಪಕ್ಕಕ್ಕಿಟ್ಟು ಪಂಚಾಂಗ ತೆಗೆದೆ. ಉಬ್ಬರ ಚಂದ್ರನ ಲೆಕ್ಕದಲ್ಲಿ ದಿನಾ ಐವತ್ತು ನಿಮಿಷದ ಹಾಗೆ ಲೇಟಾಗ್ತಾ ಹೋಗತ್ತೆ ಅಲ್ವಾ, ಹಂಗಾಗಿ ನಮಗೆ ಬೇಕಾದ ಶನಿವಾರ ತಿಂಗಳಿಗೆ ಒಂದು, ಜಾಸ್ತಿ ಅಂದ್ರೆ ಎರಡು. ಬೆಳಿಗ್ಗೆ ಏಳಕ್ಕೆ ಏರ್ತಿರೋ ನೀರಿಗಿಳೀಬೇಕು, ಒಂಬತ್ತರ ಸುಮಾರಿಗೆ ಅದು ತುಂಬ್ಬೇಕು, ಇಳಿಯೋಕೆ ಶುರುವಾದಾಗ ಅದ್ರ ಜೊತೆನೇ ವಾಪಸ್, ಗಾಳಿ ಏಳೋ ಮುಂಚೆ ದಡಕ್ಕೆ. ಹೋಗೋವಾಗ್ಲೂ ನೀರೇ ತಳ್ಳತ್ತೆ, ಬರೋವಾಗ್ಲೂ ನೀರೇ. ಯಾವ ತಿಥಿ ಅಂತ ಮಾತ್ರ ಕೇಳ್ಬೇಡಿ, ಎಂಟು ಸಾವಿರ ಕೊಟ್ಟು ಕಲ್ತಿದ್ದು. ಗೈಡಿಗೆ ಡೇಟ್ ಹೇಳಿದಾಗ "ನಿಮ್ಗೆ ಯಾರ್ ಹೇಳಿದ್ದ್?" ಅಂದ್ರು, ಆ ಮಾತಿಗೆ ಅಪ್ರೈಸಲ್‌ಗಿಂತ ಖುಷಿಯಾಯ್ತು.

ಡೇಟ್ ಮೊದ್ಲೇ ಗೊತ್ತಾಗಿದ್ದಕ್ಕೆ ಬೆಂಗಳೂರಿಂದ ಉಡುಪಿ ಕಡೆ ಹೋಗೋ ಪಂಚಗಂಗಾ ಟ್ರೈನ್ 60 ದಿನ ಮುಂಚೆ ಬುಕ್ ಮಾಡೋಕಾಯ್ತು, ವೀಕೆಂಡ್ ಬಸ್ ರೇಟಿನ ಅರ್ಧನೂ ಆಗ್ಲಿಲ್ಲ. ಹೋಂಸ್ಟೇ, ಊಟ, ಕಯಾಕ್, ಗೈಡ್, ಹಿಂದೆ ಬರೋ ಬೋಟ್ ಎಲ್ಲಾ ಸೇರಿ ತಲೆಗೆ 2,800 ಆಸುಪಾಸು. ಐನೂರು ಮೊದ್ಲೇ ಯುಪಿಐ ಮಾಡಿಸ್ಕೊಳ್ಳಿ, ವಾಪಸ್ ಇಲ್ಲ ಅಂತ ಖಡಕ್ಕಾಗಿ ಹೇಳಿ.

ಎಲ್ಲಾ ಡಬಲ್ ಕಯಾಕೇ, ಭಾರದೋರು ಹಿಂದೆ. ಡೆವಲಪರ್ ಮುಂದೆ, ಟೆಸ್ಟರ್ ಹಿಂದೆ ಕೂರಿಸಿದ್ದು ನನ್ನ ಐಡಿಯಾ, ದಾರಿಯುದ್ದಕ್ಕೂ ತಪ್ಪು ಹುಡುಕ್ತಾ ಹೋದ್ರು ಆದ್ರೆ ದೋಣಿ ನೇರ ಹೋಯ್ತು. ಕೈ ಜಾರ್ಬಾರ್ದು ಅಂತ ಪ್ಯಾಡಲ್‌ಗೆ ಸೈಕಲ್ ಗ್ರಿಪ್ ಟೇಪ್ ಸುತ್ತಿದ್ದೆ, ಉಪ್ಪುನೀರಿಗೆ ಗೋಂದು ಬಿಟ್ಟು ಎಲ್ಲರ ಅಂಗೈ ಹಲಸಿನ ಮೇಣ ಹಚ್ಚಿದ ಹಾಗಾಯ್ತು. ಗಾರ್ಡನ್ ಗ್ಲೌಸ್ ಸಾಕು, ಒಂದು ಜೊತೆಗೆ ನಲ್ವತ್ತು ರೂಪಾಯಿ. ಕನ್ನಡಕಕ್ಕೆ ಲಾಡಿ ಕಟ್ಟಿದ್ವಿ, ಒಂದೂ ಹೋಗ್ಲಿಲ್ಲ.

ಕುದ್ರು, ಅಂದ್ರೆ ಹೊಳೆ ನಡುವಿನ ದ್ವೀಪದ ಹತ್ರ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನೆರಳಲ್ಲಿ ನಿಂತಿದ್ವಿ. ಒಂದು ಹಳದಿ ಎಲೆ ನನ್ನ ಕಯಾಕ್ ಪಕ್ಕ ತೇಲ್ತಿತ್ತು, ಅಲ್ಲಾಡ್ಲಿಲ್ಲ. ಐದು ನಿಮಿಷ, ಹತ್ತು ನಿಮಿಷ, ಆಫೀಸಿನ ಬಾಕಿ ಕೆಲಸದ ಬಗ್ಗೆ ಮಾತಾಡ್ತಿದ್ದೋರೂ ಸುಮ್ನಾದ್ರು. ಆಮೇಲೆ ಎಲೆ ಮೆಲ್ಲಗೆ ತಿರುಗಿ ಪಡುವಣಕ್ಕೆ ಹೊರಟಿತು. ಗೈಡ್ "ಹೊರಡುವ" ಅಂದ್ರು, ನಾನು ವಾಚ್ ನೋಡ್ದೆ, ಒಂಬತ್ತು ಹತ್ತು.

ಹತ್ತೂವರೆಗೆ ದಡದಲ್ಲಿ ಗೋಳಿಬಜೆ ತಿಂತಿದ್ವಿ. ರೆಸಾರ್ಟ್ ಡಿಜೆ ಅಂದಿದ್ದ ಮಹಾಶಯ ಮೂರು ಪ್ಲೇಟ್ ಹೊಡೆದ. ಅವನ ಬ್ಯಾಲೆನ್ಸ್ 2,300 ಇನ್ನೂ ಬಂದಿಲ್ಲ.