ಅಲೈನ್‌ಮೆಂಟ್‌ಗೆ ಓಡೋ ಮುಂಚೆ ಜಾಕ್ ಹಾಕಿ ನೋಡಿ
ಹಳೇ ಕಾರು ಒಂದ್ ಕಡೆ ಎಳೀತಿದೆ, ಸ್ಟೇರಿಂಗ್ ಲೂಸು ಅಂತ ಸೀದಾ ಅಲೈನ್‌ಮೆಂಟ್‌ಗೆ (ಚಕ್ರಗಳ ಕೋನ ಸರಿ ಮಾಡ್ಸೋಕೆ) ಹೋಗ್ಬೇಡಿ, ಪಾರ್ಟ್ಸ್ ಸವೆದಿದ್ರೆ ಮಾಡ್ಸಿದ ಅಲೈನ್‌ಮೆಂಟ್ ನಿಲ್ಲಲ್ಲ. ಮೊದ್ಲು ಗಾಳಿ ಚೆಕ್ ಮಾಡಿ, ಆಮೇಲೆ ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು ಚಕ್ರನ ಮೇಲೆ ಕೆಳಗೆ ಹಿಡ್ದು ಅಲ್ಲಾಡ್ಸಿ, ಕಟಕಟ ಅಂದ್ರೆ ಇನ್ನೊಬ್ರಿಗೆ ಬ್ರೇಕ್ ಒತ್ತೋಕೆ ಹೇಳಿ, ಆಗ ಪ್ಲೇ (ಆ ಅಲ್ಲಾಟ) ಹೋದ್ರೆ ವೀಲ್ ಬೇರಿಂಗು, ಹೋಗ್ದಿದ್ರೆ ಕಿಂಗ್‌ಪಿನ್ನೋ ಬಾಲ್ ಜಾಯಿಂಟೋ (ಚಕ್ರ ಎಡ ಬಲ ತಿರುಗೋಕೆ ಇರೋ ಕೀಲು). ಎಡ ಬಲ ಹಿಡ್ದಾಗ ಮಾತ್ರ ಅಲ್ಲಾಡಿದ್ರೆ ಮೊದ್ಲು ಟೈ ರಾಡ್ ಎಂಡ್ (ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗೋ ಸರಳಿನ ತುದಿಯ ಕೀಲು) ನೋಡಿ. ಟೈರ್ ಮೇಲೆ ಅಡ್ಡಕ್ಕೆ ಕೈ ಆಡ್ಸಿ, ಹೋಗ್ತಾ ನುಣ್ಣಗಿದ್ದು ವಾಪಸ್ ಬರ್ತಾ ಗರಗಸದ ಹಲ್ಲಿನ ಥರ ಚುಚ್ಚಿದ್ರೆ ಟೋ (ಚಕ್ರಗಳ ಮುಂಭಾಗ ಒಳಗೋ ಹೊರಗೋ ತಿರುಗಿರೋ ಅಳತೆ) ತಪ್ಪಿದೆ. ಮುಂದಿನ ಎರಡು ಟೈರ್ ಅದಲು ಬದಲು ಮಾಡ್ದಾಗ ಎಳೆತದ ದಿಕ್ಕೂ ಬದಲಾದ್ರೆ ತಪ್ಪು ಟೈರಿಂದು. ನಾನು ಇದೆಲ್ಲ ನೋಡದೇನೇ, ಲೂಸ್ ಹೋಗ್ಲಿ ಅಂತ ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ಗೇರ್‌ಗಳಿರೋ ಡಬ್ಬಿ) ಸ್ಕ್ರೂ ಟೈಟ್ ಮಾಡ್ಬಿಟ್ಟಿದ್ದೆ, ತಿರುವಲ್ಲಿ ಸ್ಟೇರಿಂಗ್ ತಾನಾಗೇ ವಾಪಸ್ ಬರೋದೇ ನಿಂತೋಯ್ತು!