ಮಳೆಗಾಲದಲ್ಲಿ ಮುಗ್ಗರಿಸಿದ ಡೀಸೆಲ್ ಎಂಜಿನ್

ಸಾಗರದ ನಮ್ಮ ಮನೆಯ ಅಟ್ಟದಲ್ಲಿ ಒಂದು ಪುಟ್ಟ ಕಾಲ್ಕಾ–ಶಿಮ್ಲಾ ಇದೆ, ಆ ಬೆಟ್ಟದ ರೈಲನ್ನು 87 ಪಟ್ಟು ಕುಗ್ಗಿಸಿದ ಮಾದರಿ. ಅಲ್ಲಿಯ 762 ಮಿ.ಮೀ. ಹಳಿಯನ್ನು 87ರಿಂದ ಭಾಗಿಸಿದರೆ ಸುಮಾರು 9 ಮಿ.ಮೀ.; ಅಷ್ಟಗಲದ ಹಳಿಯ ಮೇಲೆ ನಾನು ಕಟ್ಟಿದ, ಅಲ್ಲಿಯ ಝಡ್‌ಡಿಎಂ-3 ಡೀಸೆಲ್ ಎಂಜಿನ್ನಿನ ಮಾದರಿ ಓಡುತ್ತದೆ. ‘ನಮ್ಮ ತರೀಕೆರೆ–ನರಸಿಂಹರಾಜಪುರದ ಹಳೆಯ ಪುಟ್ಟ ರೈಲು ನಿನಗೆ ಬೇಡವಾಯಿತೇ?’ ಎಂದು ಅಪ್ಪಯ್ಯ ಈಗಲೂ ಕೆಣಕುತ್ತಾರೆ.

ಆಷಾಢದ ಮಳೆ ಹಿಡಿದ ಮೇಲೆ ನನ್ನ ಎಂಜಿನ್ ಎರಡು ಗೇಣು ಹೋಗಿ ನಿಲ್ಲತೊಡಗಿತು. ಮೋಟಾರನ್ನು ಶಂಕಿಸಿ ಬಿಚ್ಚಿದೆ. ನೇರವಾಗಿ 12 ವೋಲ್ಟ್ ಕೊಟ್ಟರೆ ಸರಾಗವಾಗಿ ತಿರುಗಿತು. ಮೋಟಾರಿಗೆ ವಿದ್ಯುತ್ ಬರುವುದು ಹಳಿಯಿಂದಲೇ, ಹಾಗಾಗಿ ಹಳಿಯನ್ನು ಮರಳುಕಾಗದದಿಂದ ಉಜ್ಜಿದೆ. ಅದು ಶುದ್ಧ ದಡ್ಡತನ, ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕಾಡಿಗೆಯಂತಾಯಿತು. ಆದರೂ ತಿರುವಿನಲ್ಲಿ ನಿಲ್ಲುವುದು ತಪ್ಪಲಿಲ್ಲ.

ಕೊನೆಗೆ ವಿದ್ಯುತ್ ಸಂಪರ್ಕ ಪರೀಕ್ಷಿಸುವ ಮಲ್ಟಿಮೀಟರಿನ ಒಂದು ಮೊನೆಯನ್ನು ಚಕ್ರಕ್ಕೆ, ಇನ್ನೊಂದನ್ನು ಮೋಟಾರಿನ ತಂತಿಗೆ ಹಿಡಿದು ನೋಡಿದೆ. ಎಂಟು ಚಕ್ರಗಳಲ್ಲಿ ಮೂರಕ್ಕೆ ಸಂಪರ್ಕವೇ ಇರಲಿಲ್ಲ! ಚಕ್ರದ ಬೆನ್ನಿಗೆ ಒರಗಿ ವಿದ್ಯುತ್ ಎತ್ತಿಕೊಳ್ಳಬೇಕಾದ ತೆಳು ತಾಮ್ರದ ಪಟ್ಟಿಗಳು ಹಿಂದೆ ಬಾಗಿದ್ದವು, ಮೇಲೆ ಕಿಲುಬು ಬೇರೆ. ಕಿಲುಬು ಕೆರೆದು, ಪಟ್ಟಿಗಳನ್ನು ಚಿಮಟದಿಂದ ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸಿದೆ. ಹೆಚ್ಚು ಒತ್ತಿದರೆ ಚಕ್ರವೇ ಬಿಗಿಯಾಗುತ್ತದೆ. ಮೊದಲ ಪಟ್ಟಿಯಲ್ಲಿ ಹಾಗೇ ಆಯಿತು.

ಮೊನ್ನೆ ರಾತ್ರಿ ನಾಲ್ಕು ಬೋಗಿ ಎಳೆದುಕೊಂಡು ತಿರುವು ದಾಟಿತು. ಅಪ್ಪಯ್ಯನೇ ಹಸಿರು ಟವೆಲ್ ಬೀಸಿದರು.