ಅಳಿಸಿದರೂ ಮತ್ತೆ ಬರುವ ವೈರಸ್: ಲ್ಯಾಪ್‌ಟಾಪಿನಿಂದ ಬುಡಸಮೇತ ತೆಗೆಯುವುದು ಹೇಗೆ?

ಲ್ಯಾಪ್‌ಟಾಪಿಗೆ ವೈರಸ್ ಹೊಕ್ಕರೆ ಆ್ಯಂಟಿವೈರಸ್ ಅದನ್ನು ಹಿಡಿದು ಅಳಿಸುತ್ತದೆ. ಬಹುತೇಕ ಸಂದರ್ಭಗಳಲ್ಲಿ ಕಾಟ ಅಲ್ಲಿಗೆ ತೀರುತ್ತದೆ. ಜನರನ್ನು ಹೈರಾಣಾಗಿಸುವುದು ಅಳಿಸಿದ ಮರುದಿನವೇ ಅದೇ ಹೆಸರಿನಲ್ಲಿ ಮತ್ತೆ ಕಾಣಿಸಿಕೊಳ್ಳುವ ವೈರಸ್. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಜೇಕು ಕಿತ್ತವರಿಗೆ ಇದರ ಮರ್ಮ ಗೊತ್ತು: ಹುಲ್ಲು ಕೈಗೆ ಬಂದರೂ ಗೆಡ್ಡೆ ನೆಲದಲ್ಲಿ ಉಳಿದರೆ ಅದು ಮತ್ತೆ ಚಿಗುರುತ್ತದೆ. ಇಂತಹ ವೈರಸ್ ಒಂದೇ ಫೈಲಾಗಿ ಇರುವುದಿಲ್ಲ. ಒಂದು ಭಾಗ ಮೆಮೊರಿಯಲ್ಲಿ ಓಡುತ್ತಿರುತ್ತದೆ, ಇನ್ನೊಂದು ಭಾಗ ವಿಂಡೋಸ್ ಶುರುವಾದಾಗಲೆಲ್ಲ ಏಳುವಂತೆ ಎಲ್ಲೋ ನಮೂದಾಗಿರುತ್ತದೆ, ಮೂರನೆಯದು ಅಳಿಸಿಹೋದದ್ದನ್ನು ಇಂಟರ್‌ನೆಟ್‌ನಿಂದ ಮರಳಿ ತರಿಸಿಕೊಳ್ಳುತ್ತದೆ. ಆದ್ದರಿಂದ ಯಾವ ಸಾಫ್ಟ್‌ವೇರ್ ಬಳಸುತ್ತೀರಿ ಎಂಬುದಕ್ಕಿಂತ ಯಾವ ಕೆಲಸವನ್ನು ಯಾವುದರ ನಂತರ ಮಾಡುತ್ತೀರಿ ಎಂಬುದು ಇಲ್ಲಿ ಮುಖ್ಯ.

ಅದಕ್ಕೂ ಮೊದಲು, ಬಂದಿರುವುದು ವೈರಸ್ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು. ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂದು ಪದೇ ಪದೇ ಬರುವ ಎಚ್ಚರಿಕೆಗಳಲ್ಲಿ ಹಲವು, ಯಾವುದೋ ಜಾಲತಾಣಕ್ಕೆ ನಾವೇ ಕೊಟ್ಟ ನೋಟಿಫಿಕೇಶನ್ ಅನುಮತಿಯ ಫಲ. ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿ ತೆಗೆದರೆ ಅವು ನಿಲ್ಲುತ್ತವೆ. ಅಂತಹ ಎಚ್ಚರಿಕೆಯಲ್ಲಿ ಕಾಣುವ ಫೋನ್ ನಂಬರಿಗೆ ಯಾವ ಕಾರಣಕ್ಕೂ ಕರೆ ಮಾಡಬಾರದು. ಅದು ವಂಚಕರ ನಂಬರ್.

ವೈರಸ್ ಇರುವುದು ನಿಜವಾದರೆ ಮೊದಲು ವೈ-ಫೈ ಆಫ್ ಮಾಡಿ. ಆ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ಖಾತೆಯನ್ನಾಗಲಿ ಇ-ಮೇಲ್ ಅನ್ನಾಗಲಿ ತೆರೆಯಬೇಡಿ. ಖಾತೆಯಿಂದ ಹಣ ಹೋಗಿದ್ದರೆ ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅನಂತರ ಫೋಟೋ, ದಾಖಲೆ, ಪ್ರಾಜೆಕ್ಟ್ ವರದಿಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಅದನ್ನು ಕಳಚಿಡಿ. ಸಾಫ್ಟ್‌ವೇರ್‌ಗಳನ್ನೂ ಅವುಗಳ ಇನ್‌ಸ್ಟಾಲರ್‌ಗಳನ್ನೂ ನಕಲು ಮಾಡಬೇಡಿ, ಸೋಂಕು ಅವುಗಳಲ್ಲೇ ಅಡಗಿರಬಹುದು. ಫೈಲುಗಳು ತೆರೆಯದೆ, ಅವುಗಳ ಹೆಸರಿನ ಕೊನೆಗೆ ಹೊಸ ಅಕ್ಷರಗಳು ಸೇರಿಕೊಂಡು, ಹಣ ಕೇಳುವ ಚೀಟಿಯೊಂದು ಕಂಡರೆ ಅದು ರ್‍ಯಾನ್ಸಮ್‌ವೇರ್. ಆಗ ಬೀಗ ಬಿದ್ದ ಫೈಲುಗಳನ್ನು ಅಳಿಸದೆ ಉಳಿಸಿಕೊಳ್ಳಿ. ಯುರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳು ಸಿಗುತ್ತವೆ, ಇಂದು ಇಲ್ಲದ ಕೀಲಿ ಮುಂದೆ ಸಿಗಲೂಬಹುದು.

ವಿಂಡೋಸ್ ಏಳುವ ಮೊದಲೇ ಸ್ಕ್ಯಾನ್

ಮೊಂಡು ವೈರಸ್ಸನ್ನು ಅದು ಓಡುತ್ತಿರುವಾಗ ಹಿಡಿಯುವುದು ಕಷ್ಟ; ಏಳುವ ಮೊದಲೇ ಹಿಡಿಯಬೇಕು. ಇದಕ್ಕೆ ಬೇಕಾದ ಸಾಧನ ವಿಂಡೋಸ್ 10 ಮತ್ತು 11ರಲ್ಲಿ ಮೊದಲಿನಿಂದಲೇ ಇದೆ, ಡಿಫೆಂಡರ್ ಎಂಬ ಆ್ಯಂಟಿವೈರಸ್. ಡಿಫೆಂಡರ್ ಅಪ್‌ಡೇಟ್ ಮಾಡುವುದಕ್ಕಷ್ಟೇ ಕೆಲವು ನಿಮಿಷ ಇಂಟರ್‌ನೆಟ್ ಸಂಪರ್ಕ ಕೊಟ್ಟು ಮತ್ತೆ ತೆಗೆಯಿರಿ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ನ ಒಳಗೆ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ, ಆಫ್‌ಲೈನ್ ಸ್ಕ್ಯಾನ್ ಆಯ್ದುಕೊಳ್ಳಿ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ತೆರೆದುಕೊಳ್ಳುವ ಮೊದಲು ಸುಮಾರು 15 ನಿಮಿಷ ಶೋಧ ನಡೆಯುತ್ತದೆ. ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ಕಡೆ ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆಯೇ ಇದನ್ನು ಶುರುಮಾಡುವುದು ಒಳ್ಳೆಯದು. ಸಿಕ್ಕಿದ್ದೇನು ಎಂಬುದು ನಂತರ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಕಾಣುತ್ತದೆ, ಹೆಸರನ್ನು ಬರೆದಿಟ್ಟುಕೊಳ್ಳಿ.

ಡಿಫೆಂಡರ್ ತೆರೆಯಲೇ ಬಿಡದ ವೈರಸ್‌ಗಳೂ ಇವೆ. ಆಗ ಶಿಫ್ಟ್ ಕೀಲಿ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಮುಂದುವರಿದು, ಮತ್ತೆ ರೀಸ್ಟಾರ್ಟ್ ಆದಾಗ 4 ಒತ್ತಿದರೆ, ವಿಂಡೋಸಿನ ಅಗತ್ಯ ಭಾಗಗಳಷ್ಟೇ ಓಡುವ ಸೇಫ್ ಮೋಡ್ ಬರುತ್ತದೆ. ಈ ಹಾದಿಯಲ್ಲಿ, ಡಿಸ್ಕಿನಲ್ಲಿರುವುದಕ್ಕೆ ಬೀಗ ಹಾಕುವ ಸೌಲಭ್ಯವಾದ ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ, ಮೊಬೈಲಿನಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಸೇಫ್ ಮೋಡ್‌ನಲ್ಲಿ ನಡೆಸಲು ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಅನ್ನು ಬೇರೊಂದು ಶುದ್ಧ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ತನ್ನಿ. ಇಳಿಸಿಕೊಂಡ 10 ದಿನಗಳ ನಂತರ ಅದು ಕೆಲಸ ಮಾಡುವುದಿಲ್ಲ. ಇನ್ನೊಂದು ಅಭಿಪ್ರಾಯ ಬೇಕೆನಿಸಿದರೆ ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಸಾಧನಗಳಿವೆ.

ಗೆಡ್ಡೆ ಇರುವ ಜಾಗಗಳು

ಸ್ಕ್ಯಾನ್ ಮುಗಿಯಿತೆಂದು ಇಲ್ಲಿಗೇ ನಿಲ್ಲಿಸುವವರ ಲ್ಯಾಪ್‌ಟಾಪಿನಲ್ಲೇ ವೈರಸ್ ಮರಳುವುದು. ಮೊದಲು ನೋಡಬೇಕಾದದ್ದು ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿ. ಸ್ಕ್ಯಾನ್ ಮಾಡುವಾಗ ಯಾವ ಫೋಲ್ಡರುಗಳನ್ನು ಮುಟ್ಟಬಾರದು ಎಂಬುದು ಅಲ್ಲಿರುತ್ತದೆ. ಹಣ ಕೊಡದೆ ವಿಂಡೋಸ್ ಅಥವಾ ಆಫೀಸ್ ಆ್ಯಕ್ಟಿವೇಟ್ ಮಾಡಿಕೊಡುವ ಕಳ್ಳ ಸಾಫ್ಟ್‌ವೇರ್‌ಗಳ ಜೊತೆ ಬಂದ ವೈರಸ್ ಈ ಪಟ್ಟಿಗೆ ತನ್ನ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ಸೇರಿಸಿರುತ್ತದೆ. ಆಗ ಎಷ್ಟು ಬಾರಿ ಸ್ಕ್ಯಾನ್ ಮಾಡಿದರೂ ‘ಯಾವ ಅಪಾಯವೂ ಇಲ್ಲ’ ಎಂಬ ಉತ್ತರವೇ ಬರುತ್ತದೆ. ನೀವು ಸೇರಿಸದ ನಮೂದುಗಳನ್ನು ತೆಗೆದು, ಆ ಕಳ್ಳ ಸಾಫ್ಟ್‌ವೇರನ್ನೂ ತೆಗೆದು, ಮತ್ತೊಮ್ಮೆ ಆಫ್‌ಲೈನ್ ಸ್ಕ್ಯಾನ್ ನಡೆಸಿ.

ಎರಡನೆಯ ಜಾಗ, ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್. ಅಲ್ಲಿನ ಪ್ರತಿ ಕೆಲಸದ ಆ್ಯಕ್ಷನ್ಸ್ ಭಾಗ ತೆರೆದರೆ ಅದು ಯಾವ ಫೈಲನ್ನು ಓಡಿಸುತ್ತದೆಂದು ತಿಳಿಯುತ್ತದೆ. ಪವರ್‌ಶೆಲ್ ಅಥವಾ ಡಬ್ಲ್ಯುಸ್ಕ್ರಿಪ್ಟ್ (ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಫೈಲು, ಓಡಿಸುವ ವಿಂಡೋಸ್ ಸಾಧನಗಳು) ಮೂಲಕ, ಟೆಂಪ್ ಅಥವಾ ಆ್ಯಪ್‌ಡೇಟಾ ಫೋಲ್ಡರಿನಲ್ಲಿರುವ ಅರ್ಥವಿಲ್ಲದ ಹೆಸರಿನ ಫೈಲನ್ನು ಕೆಲವು ನಿಮಿಷಗಳಿಗೊಮ್ಮೆ ಓಡಿಸುವ ನಮೂದು ಸಿಕ್ಕರೆ ಅನುಮಾನಪಡಲು ಸಾಕಷ್ಟು ಕಾರಣವಿದೆ. ಹೀಗೆ ತಾನಾಗಿ ಏಳುವ ಎಲ್ಲವನ್ನೂ ಒಂದೇ ಕಡೆ ನೋಡಬಯಸುವವರಿಗೆ ಮೈಕ್ರೋಸಾಫ್ಟ್‌ನದೇ ಉಚಿತ ಆಟೋರನ್ಸ್ ಇದೆ: ಮೈಕ್ರೋಸಾಫ್ಟ್‌ನ ನಮೂದುಗಳನ್ನು ಮರೆಮಾಡಿದರೆ ಉಳಿಯುವ ಪಟ್ಟಿ ಚಿಕ್ಕದು. ಗುರುತಾಗದ ನಮೂದನ್ನು ಊಹೆಯ ಮೇಲೆ ಅಳಿಸಬೇಡಿ, ಮೊದಲು ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ ನೋಡಿ. ತೊಂದರೆಯಾದರೆ ಮತ್ತೆ ಟಿಕ್ ಹಾಕಬಹುದು.

ಬ್ರೌಸರಿನಲ್ಲಿ ಗೊತ್ತಿಲ್ಲದ ಎಕ್ಸ್‌ಟೆನ್ಷನ್‌ಗಳನ್ನು ತೆಗೆಯುವ ಮೊದಲು, ಬ್ರೌಸರಿನ ವಿವರಗಳನ್ನು ನಿಮ್ಮ ಖಾತೆಯಲ್ಲಿ ಉಳಿಸುವ ಸಿಂಕ್ ಆಫ್ ಮಾಡಿ. ಇಲ್ಲವಾದರೆ ಖಾತೆಯಲ್ಲಿ ಉಳಿದ ಪ್ರತಿಯಿಂದ ಅದೇ ಎಕ್ಸ್‌ಟೆನ್ಷನ್ ಮತ್ತೆ ಬಂದು ಕೂರಬಹುದು.

ಇಷ್ಟೆಲ್ಲ ಮಾಡಿದ ಮೇಲೂ ವೈರಸ್ ಬಂದರೆ ಕಾರಣ ನಿಮ್ಮ ಪೆನ್‌ಡ್ರೈವ್ ಇರಬಹುದು. ಮಾನಸಗಂಗೋತ್ರಿಯ ವಿದ್ಯಾರ್ಥಿಗಳು ಪ್ರಾಜೆಕ್ಟ್ ಪ್ರಿಂಟಿಗೆ ಜೆರಾಕ್ಸ್ ಅಂಗಡಿಗೆ ಹೋಗುವಾಗಲೂ, ಮಂಡ್ಯದಲ್ಲಿ ಅರ್ಜಿ, ದಾಖಲೆಗಳ ಪ್ರಿಂಟಿಗೆ ಸೈಬರ್ ಸೆಂಟರಿಗೆ ಹೋಗುವಾಗಲೂ ಜೊತೆಗಿರುವುದು ಅದೇ ಪೆನ್‌ಡ್ರೈವ್. ದಿನವಿಡೀ ನೂರಾರು ಜನರ ಪೆನ್‌ಡ್ರೈವ್ ಚುಚ್ಚುವ ಕಂಪ್ಯೂಟರಿಗೆ ಸೋಂಕು ತಗುಲುವುದು ಅಂಗಡಿಯವರ ತಪ್ಪೇ ಆಗಬೇಕಿಲ್ಲ. ಮನೆಗೆ ಬಂದು ತೆರೆದಾಗ ಫೋಲ್ಡರುಗಳ ಮೇಲೆ ಶಾರ್ಟ್‌ಕಟ್‌ನ ಪುಟ್ಟ ಬಾಣ ಕಂಡರೆ ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ, ಟಾರ್ಗೆಟ್‌ನಲ್ಲಿ ನಿಮ್ಮ ಫೋಲ್ಡರಿನ ಬದಲು ಯಾವುದೋ ಸ್ಕ್ರಿಪ್ಟ್ ಓಡಿಸುವ ಆಜ್ಞೆ ಇರುತ್ತದೆ. ನಿಮ್ಮ ಫೈಲುಗಳು ಹೋಗಿರುವುದಿಲ್ಲ. ಅದೇ ಪೆನ್‌ಡ್ರೈವಿನಲ್ಲಿ, ಕೆಲವೊಮ್ಮೆ ಹೆಸರೇ ಇಲ್ಲದ ಫೋಲ್ಡರಿನೊಳಗೆ, ಅಡಗಿರುತ್ತವೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲುಗಳನ್ನು ತೋರಿಸುವ ಆಯ್ಕೆಯನ್ನು ಒಪ್ಪಿ, ಸಿಸ್ಟಮ್ ಫೈಲುಗಳನ್ನು ಮರೆಮಾಡುವ ಟಿಕ್ ತೆಗೆದರೆ ಅವು ಕಾಣುತ್ತವೆ. ದಾಖಲೆಗಳನ್ನಷ್ಟೇ ನಕಲು ಮಾಡಿಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಪ್ರಿಂಟಿಗೆ ಪಿಡಿಎಫ್ ಅನ್ನು ಇ-ಮೇಲ್ ಮೂಲಕ ಕಳಿಸಿದರೆ ಈ ತಲೆನೋವೇ ಇರುವುದಿಲ್ಲ.

ಎರಡನೆಯ ಆಫ್‌ಲೈನ್ ಸ್ಕ್ಯಾನ್ ನಂತರವೂ ಅದೇ ಹೆಸರು ಹಿಸ್ಟರಿಯಲ್ಲಿ ಕಂಡರೆ ಹುಡುಕಾಟ ಬಿಟ್ಟು ವಿಂಡೋಸನ್ನು ಹೊಸದಾಗಿ ಹಾಕುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಶುದ್ಧ ಕಂಪ್ಯೂಟರಿನಲ್ಲಿ, ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಮೂಲಕ ವಿಂಡೋಸ್ ಇಳಿಸಿಕೊಂಡು, ಡಿಸ್ಕಿನ ವಿಭಾಗಗಳಾದ ಹಳೆಯ ಪಾರ್ಟಿಷನ್‌ಗಳನ್ನು ಅಳಿಸಿ ಇನ್‌ಸ್ಟಾಲ್ ಮಾಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಲ್ಯಾಪ್‌ಟಾಪ್ ಒಪ್ಪಿದರೆ 11ನ್ನೇ ಹಾಕಿ. ನಂತರ ಹಳೆಯ ಕನ್ನಡ ದಾಖಲೆಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಗಾಬರಿ ಬೇಡ: ಅದು ವೈರಸ್ ಕೆಲಸವಲ್ಲ, ‘ನುಡಿ’ಯ ಫಾಂಟ್ ಇನ್ನೂ ಹಾಕಿಲ್ಲ ಎಂದಷ್ಟೇ ಅರ್ಥ.

ಲ್ಯಾಪ್‌ಟಾಪ್ ಶುದ್ಧವಾದ ಮೇಲೆ ಪಾಸ್‌ವರ್ಡ್‌ಗಳನ್ನು ಬದಲಿಸಿ. ಮೊದಲ ಸರದಿ ಇ-ಮೇಲ್‌ನದು, ಏಕೆಂದರೆ ಉಳಿದ ಅನೇಕ ಖಾತೆಗಳ ಪಾಸ್‌ವರ್ಡನ್ನು ಅದರ ಮೂಲಕವೇ ಬದಲಿಸಬಹುದು. ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಬ್ರೌಸರಿನ ಕುಕೀ ಕದ್ದ ವೈರಸ್ಸಿಗೆ ಪಾಸ್‌ವರ್ಡ್ ಇಲ್ಲದೆಯೂ ಖಾತೆಯೊಳಗೆ ಬರಲು ಸಾಧ್ಯವಿರುವುದರಿಂದ, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡುವ ಆಯ್ಕೆಯನ್ನು ತಪ್ಪದೆ ಬಳಸಿ. ಬಳಿಕ ಖಾತೆಯ ರಿಕವರಿ ಫೋನ್ ನಂಬರ್ ನಿಮ್ಮದೇ ಹೌದೇ, ನಿಮ್ಮ ಮೇಲ್‌ಗಳನ್ನು ಬೇರೆ ವಿಳಾಸಕ್ಕೆ ರವಾನಿಸುವ ಫಾರ್ವರ್ಡಿಂಗ್ ಯಾವುದಾದರೂ ಸೇರಿಕೊಂಡಿದೆಯೇ ಎಂದು ನೋಡಿ, ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ.